ಯಾವ ಆಟ, ಯಾವ ಪರದೆ?

ತಮ್ಮ: ಅಕ್ಕಾ, ಅಪ್ಪಯ್ಯ ಅಂತೂ ಒಪ್ಪಿದ್ರು. ಅಡಿಕೆ ದುಡ್ಡು ಬಂದಮೇಲೆ 40 ಸಾವಿರ ಕೊಡ್ತಾರಂತೆ. ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಅಂತಿದ್ದೆ. ಆದ್ರೆ ಶಿವಮೊಗ್ಗದಲ್ಲಿ ಅಂಗಡಿಯವ್ರು ನನ್ನ ಪ್ರೊಸೆಸರ್ ಹೆಸರು ಕೇಳಿದ್ದೇ ನಕ್ಕುಬಿಟ್ರು. ‘ರೈಜನ್ 5 2600ಕ್ಕೆ ಆ ಕಾರ್ಡು ದಂಡ, ಪಿಸಿನೇ ಬದಲಾಯಿಸಿ’ ಅಂದ್ರು. ಮನೆಗೆ ಬಂದು ನೆಟ್‌ನಲ್ಲಿ ಲೆಕ್ಕ ಹಾಕಿದ್ರೆ ಬಾಟಲ್‌ನೆಕ್ ಶೇ 30 ಅಂತ ಬಂತು, ಅಂದ್ರೆ ಕಾರ್ಡನ್ನ ಪ್ರೊಸೆಸರ್ ಅಷ್ಟು ತಡೆಯುತ್ತಂತೆ.

ಅಕ್ಕ: ಶೇ 30 ಅಂದ್ರೆ ಯಾವ ಆಟದಲ್ಲಿ?

ತಮ್ಮ: ಆಟದ ಹೆಸರು ಅದು ಕೇಳಲೇ ಇಲ್ಲ. ಪ್ರೊಸೆಸರ್ ಯಾವುದು, ಕಾರ್ಡ್ ಯಾವುದು ಅಂತ ಹಾಕಿದೆ, ಬಂತು.

ಅಕ್ಕ: ಹಾಗಾದ್ರೆ ಅದನ್ನ ಅಲ್ಲೇ ಬಿಡು. ಆಟ ಕೇಳದೆ, ಪರದೆ ಯಾವುದು ಅಂತ ಕೇಳದೆ ಶೇಕಡಾ ಲೆಕ್ಕ ಕೊಡೋದು ಜಾತಕ ನೋಡದೆ ಮುಹೂರ್ತ ಇಟ್ಟಹಾಗೆ. ಅದೇ ಪ್ರೊಸೆಸರು, ಅದೇ ಕಾರ್ಡು ಒಂದು ಆಟದಲ್ಲಿ ಚೆನ್ನಾಗಿ ಹೊಂದುತ್ತೆ, ಇನ್ನೊಂದರಲ್ಲಿ ಪ್ರೊಸೆಸರ್ ಸೋಲುತ್ತೆ, ಮತ್ತೊಂದರಲ್ಲಿ ಕಾರ್ಡ್ ಸೋಲುತ್ತೆ. ಒಂದೇ ಆಟದ ಒಳಗೂ ಊರ ಹೊರಗೆ ಒಂದು ಥರ, ಸಂತೆಬೀದಿಯಲ್ಲಿ ಇನ್ನೊಂದು ಥರ. ಈಗ ಹೇಳು, ನೀನು ಆಡೋದು ಏನು?

ತಮ್ಮ: ಜಾಸ್ತಿ ಸೈಬರ್‌ಪಂಕ್. ಗೆಳೆಯರು ಕರೆದಾಗ ವ್ಯಾಲರಂಟ್. ಜಿಟಿಎ 6 ಬಂದಮೇಲೆ ಅದು.

ಅಕ್ಕ: ಜಿಟಿಎ 6 ಘೋಷಣೆ ಆಗಿದ್ದು ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಜಿಟಿಎ 5 ಕನ್ಸೋಲಿಗೆ ಬಂದಿದ್ದು 2013ರ ಸೆಪ್ಟೆಂಬರಲ್ಲಿ, ಪಿಸಿಗೆ ಬಂದಿದ್ದು 2015ರ ಏಪ್ರಿಲಲ್ಲಿ. ಪಿಸಿಗೆ ಬರದೇ ಇರೋ ಆಟಕ್ಕೆ ಇವತ್ತೇ ಕಾರ್ಡ್ ತಗೊಳ್ಳೋದು ಬೇಡ. ಪರದೆ ಯಾವುದು?

ತಮ್ಮ: ಇದೇ. 1080ಪಿ, 75 ಹರ್ಟ್ಸ್.

ಅಕ್ಕ: ಅದನ್ನ ನೆನಪಿಟ್ಕೋ, ಕೊನೇಲಿ ಬೇಕಾಗುತ್ತೆ. ಒಂದೊಂದು ಫ್ರೇಮಿಗೂ ಎರಡು ಕೆಲಸ ಇದೆ. ನೀನು ಒತ್ತಿದ ಬಟನ್ ಏನು, ಯಾರು ಎಲ್ಲಿ ನಿಂತಿದಾನೆ, ಕಾರು ಯಾವ ಕಡೆ ತಿರುಗ್ತು, ಈ ಸಲ ಏನೇನು ಬಿಡಿಸಬೇಕು ಅನ್ನೋ ಪಟ್ಟಿ, ಇಷ್ಟೂ ಪ್ರೊಸೆಸರ್ ಕೆಲಸ. ಆ ಪಟ್ಟಿ ಹಿಡಿದು ಒಂದೊಂದು ಪಿಕ್ಸೆಲ್‌ಗೂ ಬಣ್ಣ ತುಂಬೋದು ಕಾರ್ಡಿನ ಕೆಲಸ. 1080ಪಿ ಅಂದ್ರೆ ಫ್ರೇಮಿಗೆ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್, 1440ಪಿ ಅಂದ್ರೆ ಸುಮಾರು 37 ಲಕ್ಷ, 4ಕೆ ಅಂದ್ರೆ 83 ಲಕ್ಷದ ಹತ್ತಿರ. ಪರದೆಯ ಪಿಕ್ಸೆಲ್ ಹೆಚ್ಚಾದ್ರೆ ಕಾರ್ಡಿಗೆ ಬೆವರು ಬರುತ್ತೆ. ಪ್ರೊಸೆಸರಿಗೆ ಹೆಚ್ಚುಕಮ್ಮಿ ಅದೇ ಪಟ್ಟಿ.

ತಮ್ಮ: ಅಂದ್ರೆ 4ಕೆ ಆಡಿದ್ರೆ ಹಳೇ ಪ್ರೊಸೆಸರ್ ನಡೆಯುತ್ತಾ?

ಅಕ್ಕ: 60 ಫ್ರೇಮ್ ಸಾಕು ಅನ್ನೋನಿಗೆ ಎಷ್ಟೋ ಸಲ ನಡೆಯುತ್ತೆ. ಕೇಳಕ್ಕೆ ವಿಚಿತ್ರ, ಆದ್ರೆ ನಿಜ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದ್ರೆ ಒಂದೊಂದಕ್ಕೆ ಸಿಗೋ ಸಮಯ 16.7 ಮಿಲಿಸೆಕೆಂಡು. 144 ಬೇಕು ಅಂದ್ರೆ ಬರೀ 6.9. ನಿನ್ನ ಪ್ರೊಸೆಸರಿಗೆ ಒಂದು ಪಟ್ಟಿ ತಯಾರು ಮಾಡಕ್ಕೆ 14 ಮಿಲಿಸೆಕೆಂಡ್ ಬೇಕಾದ್ರೆ, ಜಗತ್ತಿನ ಅತಿ ದುಬಾರಿ ಕಾರ್ಡ್ ತಂದು ಹಾಕು, 71 ಫ್ರೇಮಿನ ಮೇಲೆ ಹೋಗಲ್ಲ. ಹಾಗಾಗಿ ಕಾರ್ಡನ್ನ ಪ್ರೊಸೆಸರಿಗೆ ಹೊಂದಿಸ್ತೀನಿ ಅಂತ ಹೊರಡೋದೇ ಸರಿಯಲ್ಲ. ಕಾರ್ಡನ್ನ ಪರದೆಗೆ ಹೊಂದಿಸು, ಪ್ರೊಸೆಸರನ್ನ ನಿನಗೆ ಬೇಕಾದ ಫ್ರೇಮಿನ ಸಂಖ್ಯೆಗೆ ಹೊಂದಿಸು.

ತಮ್ಮ: ಆದ್ರೆ ನನ್ನ ಪ್ರೊಸೆಸರ್ ಯಾವತ್ತೂ ಶೇ 50 ದಾಟಲ್ಲ. ಟಾಸ್ಕ್ ಮ್ಯಾನೇಜರಲ್ಲಿ ನೋಡ್ತಾನೇ ಇರ್ತೀನಿ. ಅರ್ಧ ಖಾಲಿ ಇದೆ ಅಂತ ತಾನೇ?

ಅಕ್ಕ: ಎಲ್ಲರೂ ಬೀಳೋ ಹಳ್ಳ ಅದು. 2600ಲ್ಲಿ 6 ಕೋರು, 12 ಥ್ರೆಡ್ಡು. ಅದರಲ್ಲಿ ಒಂದೇ ಒಂದು ಥ್ರೆಡ್ ಉಸಿರುಗಟ್ಟಿ ದುಡೀತಿದ್ರೂ ಒಟ್ಟು ಲೆಕ್ಕದಲ್ಲಿ ಅದು ಶೇ 8ರಷ್ಟು ಮಾತ್ರ. ಹೆಚ್ಚಿನ ಆಟಗಳಲ್ಲಿ ಒಂದು ಮುಖ್ಯ ಥ್ರೆಡ್ ಇರುತ್ತೆ, ಉಳಿದವು ಅದು ಮುಗಿಸಲಿ ಅಂತ ಕಾಯ್ತಾ ಕೂತಿರ್ತವೆ. ಆದ್ದರಿಂದ ಪ್ರೊಸೆಸರಿನ ಶೇಕಡಾ ನೋಡ್ಬೇಡ, ಕಾರ್ಡಿನ ಶೇಕಡಾ ನೋಡು. ಕಾರ್ಡು 97, 98ರಲ್ಲಿ ನಿಂತಿದ್ರೆ ತಡ ಮಾಡ್ತಿರೋದು ಕಾರ್ಡು. ಕಾರ್ಡ್ 60, 70ರಲ್ಲಿ ಆರಾಮಾಗಿದ್ದು ಫ್ರೇಮೂ ಏರದಿದ್ರೆ ಅದು ಪ್ರೊಸೆಸರಿಗೋ ರ‍್ಯಾಮಿಗೋ ಕಾಯ್ತಿದೆ. ವಿ-ಸಿಂಕ್ ಆಫ್ ಇರಬೇಕು, ಫ್ರೇಮಿಗೆ ಮಿತಿ ಹಾಕಿರಬಾರದು, ಇಲ್ಲಾಂದ್ರೆ ಈ ಲೆಕ್ಕ ಸುಳ್ಳಾಗುತ್ತೆ. ಇದನ್ನೆಲ್ಲ ಪರದೆ ಮೇಲೆ ತೋರಿಸೋ ಆಫ್ಟರ್‌ಬರ್ನರ್ ಇದೆಯಾ?

ತಮ್ಮ: ಇದೆ. ಆನ್ ಮಾಡ್ಲಾ?

ಅಕ್ಕ: ಮಾಡು. ಸೈಬರ್‌ಪಂಕ್ ತೆಗಿ. ಜನ ಜಾಸ್ತಿ ಇರೋ ಮಾರ್ಕೆಟ್ ಬೀದಿಗೆ ಹೋಗು. ಮರುಭೂಮಿಯಲ್ಲಿ ನಿಂತು ಅಳೆದ್ರೆ ಉಪಯೋಗ ಇಲ್ಲ.

ತಮ್ಮ: 1080ಪಿ, ಮೀಡಿಯಂ. 38, 39 ಬರ್ತಿದೆ. ಕಾರ್ಡ್ 99.

ಅಕ್ಕ: ನಿನ್ನ ಜಿಟಿಎಕ್ಸ್ 1650 ಪ್ರಾಣ ಕೊಟ್ಟು ಆಡ್ತಿದೆ ಪಾಪ. 2019ರ ಕಾರ್ಡು, 4 ಜಿಬಿ ಮೆಮೊರಿ, ಬರೀ 75 ವ್ಯಾಟು. ಇದಕ್ಕಿಂತ ಏನು ಕೇಳ್ತೀಯ ಅದನ್ನ. ಈಗ ಬೇರೆ ಏನೂ ಮುಟ್ಟದೆ ರೆಸಲ್ಯೂಷನ್ ಮಾತ್ರ 720ಪಿ ಮಾಡು. ಅದೇ ಜಾಗ, ಅದೇ ದಿಕ್ಕು.

ತಮ್ಮ: ಅಯ್ಯೋ, ಮಬ್ಬಾಯ್ತು.

ಅಕ್ಕ: ಚೆಂದ ನೋಡಕ್ಕಲ್ಲ ಇದು. ಅಂಕಿ ಓದು.

ತಮ್ಮ: 60, 61. ಕಾರ್ಡ್ 80ಕ್ಕೆ ಇಳೀತು.

ಅಕ್ಕ: ಹಾಂ, ಇದೇ ನಿನ್ನ ಪ್ರೊಸೆಸರಿನ ಮಿತಿ. ಕಾರ್ಡಿನ ಹೊರೆ ತೆಗೆದಮೇಲೂ 61ರಲ್ಲಿ ನಿಂತುಬಿಡ್ತು. ಅಂದ್ರೆ ಇವತ್ತು 5060 ತಂದು ಹಾಕಿದ್ರೆ ಈ ಬೀದಿಯಲ್ಲಿ ನಿನಗೆ ಸಿಗೋದು 61ರ ಆಸುಪಾಸು. ಚಿತ್ರ ಚೊಕ್ಕ ಆಗುತ್ತೆ, ಹೈ ಸೆಟ್ಟಿಂಗ್ಸ್ ಹಾಕಬಹುದು. ವೇಗ ಮಾತ್ರ ಇಷ್ಟೇ. ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಯ್ತು ನೋಡು. ಆ ಅಂಗಡಿಯವ್ರು ಹೇಳಿದ್ದರಲ್ಲಿ ಅರ್ಧ ನಿಜ. ಹೊಸ ಕಾರ್ಡಿನ ಪೂರ್ತಿ ವೇಗ ಸಿಗಲ್ಲ ಅನ್ನೋದು ಹೌದು. ಆದ್ರೆ 38ರಿಂದ 61ಕ್ಕೆ ಏರೋದನ್ನ ದಂಡ ಅನ್ನಕ್ಕಾಗಲ್ಲ.

ತಮ್ಮ: ವ್ಯಾಲರಂಟಲ್ಲಿ?

ಅಕ್ಕ: ಅದು ಪ್ರೊಸೆಸರ್ ಆಟ, ನೀನೇ ತೆಗೆದು ನೋಡು. ಈಗಲೇ ನಿನ್ನ 75 ಹರ್ಟ್ಸ್ ಪರದೆ ತೋರಿಸೋದಕ್ಕಿಂತ ಎಷ್ಟೋ ಜಾಸ್ತಿ ಫ್ರೇಮ್ ಬರ್ತಿರುತ್ತೆ, ಕಾರ್ಡಿಗೆ ಬಿಡುವೂ ಇರುತ್ತೆ. ಅದಕ್ಕೋಸ್ಕರ ಕಾರ್ಡ್ ಬೇಡವೇ ಬೇಡ. ನಿಲ್ಲು, ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ತೆಗಿ. ಏನಿದು, 2400?

ತಮ್ಮ: ರ‍್ಯಾಮ್ ಸ್ಪೀಡು. ಯಾಕೆ?

ಅಕ್ಕ: ಸ್ಟಿಕ್ ಪೆಟ್ಟಿಗೆ ಮೇಲೆ 3200 ಅಂತ ಇತ್ತಲ್ಲೋ. ಕ್ಯಾಬಿನೆಟ್ ಬಾಗಿಲು ಬಿಚ್ಚು. ಪವರ್ ತೆಗೆದು ಬಿಚ್ಚು ಮಾರಾಯ! ನೋಡಿಲ್ಲಿ. ಸ್ಲಾಟು ನಾಲ್ಕಿದೆ. 8 ಜಿಬಿ ಸ್ಟಿಕ್ ಎರಡನ್ನೂ ಪಕ್ಕಪಕ್ಕ, ಮೊದಲನೇದು ಎರಡನೇದರಲ್ಲಿ ಚುಚ್ಚಿಟ್ಟಿದಾರೆ. ಈ ಎರಡೂ ಒಂದೇ ಚಾನೆಲ್ಲು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದ್ರೆ ಎರಡು ಚಾನೆಲ್ ಆಗುತ್ತೆ, ರ‍್ಯಾಮಿಂದ ಪ್ರೊಸೆಸರಿಗೆ ಹೋಗೋ ದಾರಿ ಎರಡು ಪಟ್ಟು ಅಗಲ. ತಗೊಂಡ ದಿನದಿಂದ ಹೀಗೇ ಇದೆ ಅನ್ಸುತ್ತೆ.

ತಮ್ಮ: ಜೋಡಿಸಿಕೊಟ್ಟವರು ನೋಡಲಿಲ್ವಾ?

ಅಕ್ಕ: ಪಿಸಿ ಆನ್ ಆಯ್ತು, ವಿಂಡೋಸಲ್ಲಿ 16 ಜಿಬಿ ಅಂತ ತೋರಿಸ್ತು, ಅವರಿಗೆ ಅಲ್ಲಿಗೆ ಮುಗೀತು. ಸ್ಟಿಕ್ಕಿನ ಎರಡೂ ಕಿವಿ ಟಕ್ ಅನ್ನೋವರೆಗೆ ಒತ್ತು. ಈಗ ಬಯೋಸಿಗೆ ಹೋಗಿ, ಪೆಟ್ಟಿಗೆ ಮೇಲಿನ ವೇಗದಲ್ಲೇ ಸ್ಟಿಕ್ ಓಡೋ ಹಾಗೆ ಎಕ್ಸ್‌ಎಂಪಿ ಆನ್ ಮಾಡು. ಎಎಂಡಿ ಈ ಪ್ರೊಸೆಸರಿಗೆ ಅಧಿಕೃತವಾಗಿ ಹೇಳೋದು 2933ರವರೆಗೆ. 3200 ನಿಂತ್ರೆ ನಿಲ್ಲುತ್ತೆ, ಹ್ಯಾಂಗ್ ಆದ್ರೆ 2933ಕ್ಕೆ ಇಳಿಸು.

ತಮ್ಮ: ನಿಂತಿದೆ, 3200. ಮತ್ತೆ ಅದೇ ಬೀದಿ, 720ಪಿ... ಅಕ್ಕಾ, 70!

ಅಕ್ಕ: ಹೊಸ ಕಾರ್ಡಿನ ಮಾತು ಎತ್ತೋ ಮೊದಲೇ ಪ್ರೊಸೆಸರಿನ ಮಿತಿ ಮೇಲೆ ಹೋಯ್ತು ನೋಡು. ನಮ್ಮಲ್ಲಿ ಎಷ್ಟೋ ಪಿಸಿಗಳಿಗೆ ‘ಪ್ರೊಸೆಸರ್ ಹಳೇದು’ ಅನ್ನೋ ಹೆಸರು ಬರೋದು ಇದೇ ಕಾರಣಕ್ಕೆ. ಒಂದೇ ಸ್ಟಿಕ್ ಹಾಕಿ ಮಾರಿರ್ತಾರೆ, ಇಲ್ಲಾ ಎರಡನ್ನ ತಪ್ಪು ಜಾಗಕ್ಕೆ ಹಾಕಿರ್ತಾರೆ. ಫ್ರೇಮಿನ ಸರಾಸರಿಗಿಂತ ಇದರ ಪೆಟ್ಟು ಕಾಣೋದು ಆ ಝಟ್ ಝಟ್ ಅಂತ ತಡೆಯುತ್ತಲ್ಲ, ಅದರಲ್ಲಿ. ಆಟದ ಸೆಟ್ಟಿಂಗ್ಸಲ್ಲಿ ಕ್ರೌಡ್ ಡೆನ್ಸಿಟಿ ಅಂತ ಒಂದಿದೆ, ಅದನ್ನೂ ಒಂದು ಹಂತ ಇಳಿಸು. ಬೀದಿ ಜನರ ಲೆಕ್ಕ ಇಡೋದು ಪ್ರೊಸೆಸರು, ಕಾರ್ಡಲ್ಲ. ರೇ ಟ್ರೇಸಿಂಗ್ ಕೂಡ ಕಾರ್ಡಿನ ಮೇಲಷ್ಟೇ ಭಾರ ಹಾಕುತ್ತೆ ಅಂತ ಜನ ತಿಳಿದಿದಾರೆ. ಅದಕ್ಕೆ ಬೇಕಾದ ದೃಶ್ಯದ ಲೆಕ್ಕಾಚಾರ ಪ್ರೊಸೆಸರನ್ನೂ ಹಿಂಡುತ್ತೆ.

ತಮ್ಮ: ಸರಿ, 70 ಮಿತಿ ಅಂತಾಯ್ತು. ಆದ್ರೆ 5060ರಲ್ಲಿ ಫ್ರೇಮ್ ಜನರೇಷನ್ ಇದೆಯಲ್ಲ? ಅದು ಪ್ರೊಸೆಸರನ್ನ ಕೇಳೋದೇ ಇಲ್ವಂತೆ.

ಅಕ್ಕ: ಕೇಳಲ್ಲ, ಅದು ನಿಜ. 50 ಸರಣಿಯಲ್ಲಿ ಒಂದು ನಿಜವಾದ ಫ್ರೇಮಿಗೆ ಹಲವನ್ನ ಹುಟ್ಟಿಸಿ ಸೇರಿಸುತ್ತೆ. ಪರದೆ ಮೇಲೆ ಅಂಕಿ 200 ಅಂತಾನೂ ಬರಬಹುದು. ಆದ್ರೆ ನೀನು ಮೌಸ್ ಎಳೆದದ್ದು ಲೆಕ್ಕಕ್ಕೆ ಬರೋದು ನಿಜವಾದ ಫ್ರೇಮಿಗೆ ಮಾತ್ರ. ಅದು 70 ಇದ್ರೆ ಕೈಗೆ 70ರ ಅನುಭವ, ಅದರಲ್ಲೂ ಸ್ವಲ್ಪ ತಡವೇ. ತಳದಲ್ಲಿ 60, 70 ಇದ್ದಾಗ ಒಳ್ಳೇದು. ತಳದಲ್ಲಿ 30 ಇಟ್ಕೊಂಡು ಅದರಿಂದ ದಾಟ್ತೀನಿ ಅಂದ್ರೆ ನೀರಲ್ಲಿ ನಡೆದಹಾಗೆ ಇರುತ್ತೆ. ಮತ್ತೆ 75 ಹರ್ಟ್ಸ್ ಪರದೆಗೆ 200 ಫ್ರೇಮ್ ಯಾತಕ್ಕೋ?

ತಮ್ಮ: ಡಿಎಲ್‌ಎಸ್‌ಎಸ್ ಹಾಕಿದ್ರೆ?

ಅಕ್ಕ: ಅದು ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡೋದು. ಕಾರ್ಡಿನ ಹೊರೆ ಇಳಿಯುತ್ತೆ, ಪ್ರೊಸೆಸರಿಂದು ಹಾಗೇ ಇರುತ್ತೆ. ನಾವೀಗ 720ಪಿ ಮಾಡಿ ನೋಡಿದ್ವಲ್ಲ, ಹೆಚ್ಚುಕಮ್ಮಿ ಅದೇ ಆಟ. 70ರ ಮಿತಿ ಅದರಿಂದ ಏರಲ್ಲ.

ತಮ್ಮ: ಹಂಗಾದ್ರೆ 5060 ಬೇಡ ಅಂತೀಯ.

ಅಕ್ಕ: ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ, ನಿನ್ನ ಬೋರ್ಡು. ಬಿ450 ಅಂದ್ರೆ ಕಾರ್ಡ್ ಕೂರೋ ಸ್ಲಾಟು ಪಿಸಿಐಇ 3.0. ಅದರಲ್ಲಿ ಡೇಟಾ ಓಡೋ ಒಂದೊಂದು ಲೇನಿಗೆ ಸೆಕೆಂಡಿಗೆ ಸುಮಾರು 1 ಜಿಬಿ. 5060, 4060, ರೇಡಿಯಾನ್ 6600, 7600, ಇವೆಲ್ಲ ಉದ್ದದ ಸ್ಲಾಟಲ್ಲಿ ಕೂತ್ರೂ ಬಳಸೋದು 8 ಲೇನು. ಹೊಸ ಬೋರ್ಡಲ್ಲಿ ಅದು ಗೊತ್ತೇ ಆಗಲ್ಲ, ಯಾಕಂದ್ರೆ ಅಲ್ಲಿ ಒಂದೊಂದು ಲೇನೂ ಎರಡು ಪಟ್ಟು ಅಥವಾ ನಾಲ್ಕು ಪಟ್ಟು ವೇಗ. ನಿನ್ನ ಬೋರ್ಡಲ್ಲಿ ಒಟ್ಟು ಸೆಕೆಂಡಿಗೆ 8 ಜಿಬಿಗೆ ನಿಲ್ಲುತ್ತೆ. ಕಾರ್ಡಿನ ಸ್ವಂತ ಮೆಮೊರಿ ಸಾಕಾಗೋವರೆಗೆ ತೊಂದರೆ ಅಷ್ಟಿಲ್ಲ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ತುಳುಕಿತು ಅನ್ನು, ಟೆಕ್ಸ್ಚರ್‌ಗಳು ರ‍್ಯಾಮಿಗೂ ಕಾರ್ಡಿಗೂ ಆ ಇಕ್ಕಟ್ಟು ದಾರಿಯಲ್ಲೇ ಓಡಾಡಬೇಕು. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಹಳೇ ಬೋರ್ಡುಗಳಲ್ಲಿ ಮಕಾಡೆ ಮಲಗಿದ್ದು ಇದಕ್ಕೇ. ಅದಕ್ಕೆ ಬರೀ 4 ಲೇನು, 4 ಜಿಬಿ ಮೆಮೊರಿ. ಹಳೇ ಪಿಸಿ ಇಟ್ಕೊಂಡವರಿಗೆ ಅಂತಲೇ ಮಾಡಿದಂಥ ಅಗ್ಗದ ಕಾರ್ಡು ಹಳೇ ಪಿಸಿಯಲ್ಲೇ ಸೋತುಹೋಯ್ತು.

ತಮ್ಮ: ಇಂಟೆಲ್‌ದು? ಆರ್ಕ್ ಬಿ580. 12 ಜಿಬಿ ಇದೆ, ಬೆಲೆನೂ ಕಮ್ಮಿ.

ಅಕ್ಕ: ಕಾರ್ಡ್ ಒಳ್ಳೇದೇ, ನಿನ್ನ ಪಿಸಿಗಲ್ಲ. ಡ್ರೈವರ್ ಅನ್ನೋದು ಓಡೋದು ಪ್ರೊಸೆಸರ್ ಮೇಲೆ, ಅದು ಮರೆತುಹೋಗುತ್ತೆ ಎಲ್ಲರಿಗೂ. ಬಿ580 ಬಂದಿದ್ದು 2024ರ ಡಿಸೆಂಬರಲ್ಲಿ. ಮುಂದಿನ ತಿಂಗಳೇ ವಿಮರ್ಶಕರು ಹಳೇ ಪ್ರೊಸೆಸರುಗಳ ಜೊತೆ ಹಾಕಿ ನೋಡಿದ್ರು. ಹೊಸ ಪ್ರೊಸೆಸರ್ ಜೊತೆ ಎದುರಾಳಿಯನ್ನ ಸೋಲಿಸಿದ್ದ ಕಾರ್ಡು, 2600ರಂಥದರ ಜೊತೆ ಎಷ್ಟೋ ಆಟಗಳಲ್ಲಿ ಹಿಂದೆ ಬಿತ್ತು. ಅದೂ ಅಲ್ದೆ ಪಿಸಿಯಲ್ಲಿ ರೀಸೈಜಬಲ್ ಬಾರ್ ಅನ್ನೋ ಸೌಲಭ್ಯ ಬೇಕು ಅಂತ ಇಂಟೆಲ್ಲೇ ಹೇಳುತ್ತೆ. ಎನ್‌ವಿಡಿಯಾ ಡ್ರೈವರ್ ಕೂಡ ಕೆಲವು ಆಟಗಳಲ್ಲಿ ರೇಡಿಯಾನ್‌ಗಿಂತ ಪ್ರೊಸೆಸರನ್ನ ಜಾಸ್ತಿ ದುಡಿಸುತ್ತೆ. ಇಷ್ಟು ಮಟ್ಟಕ್ಕಲ್ಲ.

ತಮ್ಮ: ಹಾಗಾದ್ರೆ ಯಾವುದು ಮತ್ತೆ?

ಅಕ್ಕ: ನನ್ನ ಕೇಳಿದ್ರೆ ಆರ್‌ಟಿಎಕ್ಸ್ 3060.

ತಮ್ಮ: ಅದು 2021ರದ್ದು!

ಅಕ್ಕ: ಇರಲಿ. ಪೂರ್ತಿ 16 ಲೇನು, 12 ಜಿಬಿ ಮೆಮೊರಿ. ನಿನ್ನ ಬೋರ್ಡಲ್ಲಿ ಅದಕ್ಕೆ ದಾರಿಯೂ ಅಗಲ, ತುಂಬಿ ತುಳುಕೋದೂ ಕಮ್ಮಿ. 1080ಪಿಯಲ್ಲಿ ಸೈಬರ್‌ಪಂಕನ್ನ ಹೈ ಸೆಟ್ಟಿಂಗ್ಸಲ್ಲಿ 60ರ ಮೇಲೆ ಓಡಿಸುತ್ತೆ. ನಿನ್ನ ಪ್ರೊಸೆಸರ್ ಮಿತಿ 70, ಪರದೆ 75. ಮೂರೂ ಒಂದೇ ಮಟ್ಟಕ್ಕೆ ಬಂದ್ವಲ್ಲ. 5060 ಇದಕ್ಕಿಂತ ವೇಗದ ಕಾರ್ಡು, ಅನುಮಾನ ಇಲ್ಲ. ಆ ಹೆಚ್ಚಿನ ವೇಗ ತೋರಿಸೋ ಪರದೆ ನಿನ್ನ ಹತ್ರ ಇಲ್ಲ. ಆದ್ರೆ ಹುಷಾರು, 3060ರಲ್ಲೇ 8 ಜಿಬಿದೊಂದಿದೆ. ಹೆಸರು ಒಂದೇ, ಮೆಮೊರಿ ಬಸ್ 192 ಬಿಟ್‌ನಿಂದ 128ಕ್ಕೆ ಕತ್ತರಿಸಿದ್ದು. ಪೆಟ್ಟಿಗೆ ಮೇಲೆ 12 ಜಿಬಿ ಅಂತ ಓದಿಯೇ ದುಡ್ಡು ಕೊಡು. ಸಿಗಲೇ ಇಲ್ಲ ಅಂದ್ರೆ, 8 ಲೇನಿನದ್ದಾದ್ರೂ ಆರ್‌ಎಕ್ಸ್ 6600 ಆಗುತ್ತೆ, ಈ ಪರದೆಗೆ ಅದೂ ಸಾಲುತ್ತೆ.

ತಮ್ಮ: ಸೆಕೆಂಡ್ ಹ್ಯಾಂಡಲ್ಲಿ 3060 ಬೇಕಾದಷ್ಟಿದೆ.

ಅಕ್ಕ: 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ ನಿಂತಮೇಲೆ ಹೊರಗೆ ಬಂದ ಕಾರ್ಡುಗಳೂ ಅದರಲ್ಲಿರ್ತವೆ. ಮುಂದೆ ಕೂತು ಅರ್ಧ ಗಂಟೆ ಆಟ ಓಡಿಸಿ ತೋರಿಸ್ತಾರೆ ಅಂದ್ರೆ ಯೋಚಿಸು. ಕೊರಿಯರಲ್ಲಿ ಕಳಿಸ್ತೀನಿ ಅಂದ್ರೆ ಬೇಡ. ಈಗ ಪಿಸಿಗೆ ಕರೆಂಟ್ ಕೊಡೋ ಆ ಎಸ್‌ಎಂಪಿಎಸ್ ಲೇಬಲ್ ಮೇಲೆ ಟಾರ್ಚ್ ಬಿಡು.

ತಮ್ಮ: 450 ವ್ಯಾಟ್ ಅಂತ ದಪ್ಪಕ್ಷರದಲ್ಲೇ ಇದೆಯಲ್ಲ.

ಅಕ್ಕ: ದಪ್ಪಕ್ಷರ ಬಿಡು, ಕೆಳಗೆ ಕೋಷ್ಟಕ ಓದು. 12 ವೋಲ್ಟಿನ ಕೆಳಗೆ ಎಷ್ಟು ಆಂಪ್ಸ್?

ತಮ್ಮ: 25.

ಅಕ್ಕ: 12 ಇಂಟು 25, 300 ವ್ಯಾಟು. ಪ್ರೊಸೆಸರು, ಕಾರ್ಡು ಎರಡೂ ಕುಡಿಯೋದು ಈ 12 ವೋಲ್ಟನ್ನೇ. 1650 ಸ್ಲಾಟಿಂದ ಸಿಗೋ 75 ವ್ಯಾಟಲ್ಲೇ ಬದುಕ್ತಿತ್ತು, ಅದಕ್ಕೆ ಬೇರೆ ಕೇಬಲ್ಲೇ ಬೇಕಿರಲಿಲ್ಲ. ಹಾಗಾಗಿ ಈ ಡಬ್ಬಿಗೆ ಇವತ್ತಿನವರೆಗೆ ಪರೀಕ್ಷೆಯೇ ಆಗಿಲ್ಲ. 3060 ಅಂದ್ರೆ 170 ವ್ಯಾಟು, 8 ಪಿನ್ ಕೇಬಲ್ ಬೇಕು. ಎನ್‌ವಿಡಿಯಾ ಹೇಳೋದು 550 ವ್ಯಾಟ್ ಎಸ್‌ಎಂಪಿಎಸ್. 80 ಪ್ಲಸ್ ಬ್ರಾಂಜ್ ಇರೋದು ತಗೋ. ಸಾಟಾ ಕೇಬಲಿಗೆ ಅಡಾಪ್ಟರ್ ಸಿಕ್ಕಿಸಿ 8 ಪಿನ್ ಮಾಡಿಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಅಲ್ಲಿಂದ ಎದ್ದು ಬಾ, ಆ ತಂತಿ ಸುಟ್ಟುಹೋಗುತ್ತೆ.

ತಮ್ಮ: ಯುಪಿಎಸ್?

ಅಕ್ಕ: ನಿಂದು 600 ವಿಎ, ಅಂದ್ರೆ 360 ವ್ಯಾಟಿನ ಹತ್ರ. ಹೊಸ ಕಾರ್ಡಲ್ಲಿ ಆಟದ ಮಧ್ಯೆ ಕರೆಂಟ್ ಹೋದ್ರೆ ಅದು ಕೂಗಿ ಆಫ್ ಆಗೋ ಸಂಭವ ಜಾಸ್ತಿ. ನಮ್ಮ ಸಾಗರದ ಮಳೆಗಾಲ ನಿನಗೆ ಹೇಳಬೇಕಾ? ಆಟ ತಾನೇ, ಹೋದ್ರೆ ಹೋಗಲಿ. ಅದಕ್ಕೆ ಈಗ ದುಡ್ಡು ಹಾಕ್ಬೇಡ.

ತಮ್ಮ: ಪ್ರೊಸೆಸರ್ ಬಗ್ಗೆ ಏನೂ ಮಾಡೋದೇ ಬೇಡ್ವಾ?

ಅಕ್ಕ: ಮಾಡ್ಬೇಕು, ಈಗಲ್ಲ. ನಿನ್ನ ಅದೃಷ್ಟಕ್ಕೆ ಎಎಂ4 ಸಾಕೆಟ್ಟು. 2017ರ ಮೊದಲ ರೈಜನ್ ಕೂತಿದ್ದ ಸಾಕೆಟ್ಟಲ್ಲೇ 2022ರ ರೈಜನ್ 5 5600 ಕೂರುತ್ತೆ. ಹೊರಗಿಂದ ನೋಡಿದ್ರೆ ಅದೂ 6 ಕೋರು, ಇದೂ 6 ಕೋರು. ಒಳಗೆ ಬೇರೆ. 2600ಲ್ಲಿ ಮೂರು ಮೂರು ಕೋರಿನ ಎರಡು ಗುಂಪು, ಒಂದೊಂದಕ್ಕೆ 8 ಎಂಬಿ ಎಲ್3 ಕ್ಯಾಶ್. ಆ ಗುಂಪಿನದ್ದು ಈ ಗುಂಪಿಗೆ ಬೇಕಾದ್ರೆ ಸುತ್ತಿ ಬರಬೇಕು. 5600ಲ್ಲಿ ಆರೂ ಕೋರು ಒಂದೇ ಗುಂಪು, 32 ಎಂಬಿ ಎಲ್ಲರಿಗೂ. ಆಟಗಳಿಗೆ ಬೇಕಾಗಿರೋದು ಇದೇ. ನಿನ್ನ ರ‍್ಯಾಮು, ಬೋರ್ಡು ಎಲ್ಲ ಹಾಗೇ ಉಳಿಯುತ್ತೆ. ಪಿಸಿಐಇ ಮಾತ್ರ 3.0ರಲ್ಲೇ ಇರುತ್ತೆ, ಅದು ಬೋರ್ಡಿನ ಮಿತಿ.

ತಮ್ಮ: ನನ್ನ ಗೆಳೆಯಂದು ಐ5 9400ಎಫ್. ಅವನಿಗೂ ಇದೇ ಹೇಳ್ಲಾ?

ಅಕ್ಕ: ಅವನು ಆಡೋದು ಏನು?

ತಮ್ಮ: ಬರೀ ವ್ಯಾಲರಂಟು, ಸಿಎಸ್2. ಹೋದ ತಿಂಗಳು 144 ಹರ್ಟ್ಸ್ ಮಾನಿಟರ್ ತಗೊಂಡ. ಕಾರ್ಡ್ 1660 ಸೂಪರ್.

ಅಕ್ಕ: ಅವಂದು ಪೂರ್ತಿ ಉಲ್ಟಾ ಕಥೆ. ಅವನಿಗೆ ಕಾರ್ಡ್ ಸಾಕು, ಪ್ರೊಸೆಸರ್ ಸಾಲದು. 6 ಕೋರಿಗೆ ಬರೀ 6 ಥ್ರೆಡ್ಡು. ಸಾಕೆಟ್ಟಲ್ಲೂ ಮುಂದಿನ ತಲೆಮಾರಿಗೆ ದಾರಿ ಇಲ್ಲ, ಇಂಟೆಲ್ ಹತ್ತನೇ ತಲೆಮಾರಿಗೆ ಸಾಕೆಟ್ ಬದಲಾಯಿಸ್ತು. ಹಾಗಾಗಿ ಅವನು ಬೋರ್ಡ್ ಸಮೇತ ಬದಲಾಯಿಸ್ಬೇಕು. ಹೊಸ ಎಎಂ5 ಬೋರ್ಡಿಗೆ ಹೋದ್ರೆ ಡಿಡಿಆರ್5 ರ‍್ಯಾಮ್ ಬೇಕು, 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೆ ಹೋಗಿದೆ. ಇರೋ ಡಿಡಿಆರ್4 ಸ್ಟಿಕ್ಕುಗಳನ್ನೇ ಇಟ್ಕೊಂಡು ಎಎಂ4 ಬೋರ್ಡೂ 5600 ಪ್ರೊಸೆಸರೂ ಹಾಕಿಕೊಳ್ಳಲಿ. ಕಾರ್ಡ್ ಅಂಗಡಿಗೆ ಹೋಗ್ಬೇಡ ಅಂತ ಹೇಳು.

ತಮ್ಮ: ನಾನು 5600 ಹಾಕ್ಬೇಕಾದ್ರೆ ಏನಾದ್ರೂ ಎಚ್ಚರಿಕೆ?

ಅಕ್ಕ: ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡು, ಆಮೇಲೆ ಬಿಚ್ಚು. ಮೊದಲೇ ಬಿಚ್ಚಿದ್ರೆ ಹಳೇ ಬಯೋಸಿಗೆ 5600 ಗುರುತೇ ಸಿಗಲ್ಲ, ಪರದೆ ಕಪ್ಪಗೇ ಇರುತ್ತೆ. ಅಪ್‌ಡೇಟ್ ಆಗುವಾಗ ಯುಪಿಎಸ್ ಮೇಲೇ ಇರಲಿ, ಆಟ ಇಲ್ಲದಾಗ ಅದು ಧಾರಾಳ ತಡೆಯುತ್ತೆ. ಮಧ್ಯದಲ್ಲಿ ಕರೆಂಟ್ ಹೋದ್ರೆ ಬೋರ್ಡೇ ಹೋಗಬಹುದು. ಕೂಲರ್ ಎತ್ತೋ ಮೊದಲು ಹತ್ತು ನಿಮಿಷ ಆಟ ಆಡಿ ಬಿಸಿ ಮಾಡು, ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಅಲ್ಲಾಡಿಸಿ ತಿರುಗಿಸಿ ಎತ್ತು. ತಣ್ಣಗಿದ್ದಾಗ ಪೇಸ್ಟ್ ಅಂಟಿಕೊಂಡು ಎಎಂ4ರಲ್ಲಿ ಪ್ರೊಸೆಸರೇ ಕೂಲರ್ ಜೊತೆ ಕಿತ್ತು ಬರುತ್ತೆ, ಪಿನ್ ಬಾಗುತ್ತೆ.

ತಮ್ಮ: ಅಂದ್ರೆ ಒಟ್ಟು 40 ಸಾವಿರಕ್ಕೆ...

ಅಕ್ಕ: ಮೊದಲು 3060 12 ಜಿಬಿ, 550 ವ್ಯಾಟ್ ಎಸ್‌ಎಂಪಿಎಸ್. ಉಳಿದ ದುಡ್ಡು ಅಪ್ಪಯ್ಯನ ಹತ್ರವೇ ಇರಲಿ, ಮುಂದೆ 144 ಹರ್ಟ್ಸ್ ಪರದೆ ತಗೊಳ್ಳೋ ದಿನ 5600ಕ್ಕೆ ಕೇಳು. ಅಂಗಡಿಗೆ ಹೋಗೋ ಮೊದಲು ಕ್ಯಾಬಿನೆಟ್ ಒಳಗೆ ಹಿಂದಿನ ಪಟ್ಟಿಯಿಂದ ಮುಂದಿನ ಫ್ಯಾನ್‌ವರೆಗೆ ಟೇಪ್ ಹಿಡಿದು ಅಳೆದು ಬರ್ಕೋ, ಮೂರು ಫ್ಯಾನಿನ ಕಾರ್ಡುಗಳು ಉದ್ದ. ಬಿಲ್ಲಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸ್ಕೊಂಡು ಬಾ, ವಾರಂಟಿ ಕೇಳಕ್ಕೆ ಹೋದಾಗ ಅವರು ನೋಡೋದು ಅದನ್ನೇ.